ಸೈಲೆನ್ಸರ್ ತೂತಾದಾಗ: ಕಡಿಮೆ ಖರ್ಚಿನ ರಿಪೇರಿಯ ಪಾಠಗಳು

ಕರಾವಳಿಯಲ್ಲಿ ಗ್ಯಾರೇಜು ಇಟ್ಟವನಿಗೆ ಸೈಲೆನ್ಸರ್ ಕೆಲಸ ತಪ್ಪಿದ್ದಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದು ನಿಂತರೆ ಉಪ್ಪುಗಾಳಿ. ನನ್ನಲ್ಲಿಗೆ ಬರುವುದು ಹೆಚ್ಚಾಗಿ ಮಾರುತಿ 800, ಓಮ್ನಿ, ಝೆನ್, ಅಪರೂಪಕ್ಕೊಂದು ಅಂಬಾಸಿಡರ್. 800ರ ತಯಾರಿಕೆ 2014ರಲ್ಲೇ ನಿಂತಿತು, ಓಮ್ನಿಯದು 2019ರಲ್ಲಿ. ಇಂಥ ಗಾಡಿಗೆ ಮ್ಯಾನಿಫೋಲ್ಡಿನಿಂದ ಬಾಲದವರೆಗೆ ಎಲ್ಲವನ್ನೂ ಹೊಸದು ಹಾಕಿಸಿ ಎಂದರೆ ಗಿರಾಕಿ ಎದ್ದು ನಡೆಯುತ್ತಾರೆ. "ಒಂದು ತೇಪೆ ಹಾಕಿಕೊಡಿ ಮಾರಾಯ್ರೆ, ಇನ್ನೆರಡು ವರ್ಷ ಓಡಿದರೆ ಸಾಕು" ಎನ್ನುವುದು ಎಲ್ಲರ ಮಾತು.

ತೇಪೆ ಹಾಕುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಎಲ್ಲಿ ಹಾಕಬಹುದು, ಎಲ್ಲಿ ಹಾಕಬಾರದು ಎಂಬುದು ಗೊತ್ತಿರಬೇಕು. ಬಾಲದ ಕಡೆ ಹಾಕಿದ ತೇಪೆ ಕಾಲ ತಳ್ಳುತ್ತದೆ. ಎಂಜಿನ್ನಿನ ಹತ್ತಿರ ಹಾಕಿದ್ದು ಒಂದು ವಾರವೂ ಬಾಳುವುದಿಲ್ಲ, ಮೇಲಿಂದ ಅಪಾಯ ಬೇರೆ.

1. ಶಬ್ದ ಕೇಳಿ ತೀರ್ಮಾನಿಸಬೇಡಿ, ಕೆಳಗೆ ನುಸುಳಿ ನೋಡಿ

ಜನ ಇಡೀ ಸಾಲಿಗೇ ಸೈಲೆನ್ಸರ್ ಎನ್ನುತ್ತಾರೆ. ನಿಜದಲ್ಲಿ ಎಂಜಿನ್ನಿಗೆ ಬೋಲ್ಟ್ ಆಗಿರುವುದು ಮ್ಯಾನಿಫೋಲ್ಡ್. ಅದರಿಂದ ಇಳಿಯುವುದು ಮುಂದಿನ ಪೈಪು. ನಡುವೆ ಫ್ಲಾಂಜು, ಅದರೊಳಗೆ ಪ್ಯಾಕಿಂಗು. ಸ್ವಲ್ಪ ಈಚಿನ ಗಾಡಿಯಾದರೆ ಒಂದು ಕ್ಯಾಟಲಿಟಿಕ್ ಕನ್ವರ್ಟರ್, ಆಮೇಲೆ ಉದ್ದದ ಪೈಪು. ಕೊನೆಗೆ ಹೊಟ್ಟೆ ಉಬ್ಬಿದ ಡಬ್ಬಿ, ಅದೇ ಸೈಲೆನ್ಸರ್. ಎಲ್ಲವನ್ನೂ ಗಾಡಿಯ ಹೊಟ್ಟೆಗೆ ರಬ್ಬರುಗಳು ತೂಗುಹಾಕಿ ಹಿಡಿದಿರುತ್ತವೆ.

ಸೋರಿಕೆ ಹುಡುಕಲು ಬೆಳಗಿನ ಹೊತ್ತು ಒಳ್ಳೆಯದು, ಎಂಜಿನ್ ತಣ್ಣಗಿರುವಾಗ. ಒಬ್ಬರು ಸ್ಟಾರ್ಟ್ ಮಾಡಲಿ, ಇನ್ನೊಬ್ಬರು ದಪ್ಪ ಒದ್ದೆ ಬಟ್ಟೆಯಿಂದ ಬಾಲದ ಬಾಯಿಯನ್ನು ಎರಡು ಮೂರು ಸೆಕೆಂಡು ಒತ್ತಿ ಹಿಡಿಯಲಿ. ಪೈಪು ಸರಿಯಿದ್ದರೆ ಬಟ್ಟೆಯನ್ನು ಹಿಂದಕ್ಕೆ ನೂಕುತ್ತದೆ. ಎಲ್ಲಾದರೂ ಒಡೆದಿದ್ದರೆ ಅಲ್ಲಿಂದ ಬುಸ್ ಎಂದು ಕೇಳುತ್ತದೆ. ಪ್ಯಾಕಿಂಗ್ ಹೋದ ಜಾಗದಲ್ಲಿ ಬೆಂಕಿಕಡ್ಡಿ ಗೀರಿದ ಹಾಗೆ ಕಪ್ಪು ಮಸಿಯ ಗೆರೆ ಇರುತ್ತದೆ. ತಣ್ಣಗಿರುವಾಗ ಟಿಕ್ ಟಿಕ್ ಎಂದು, ಬಿಸಿಯಾದ ಮೇಲೆ ಸುಮ್ಮನಾದರೆ ಮ್ಯಾನಿಫೋಲ್ಡಿನಲ್ಲೇ ಬಿರುಕಿರಬಹುದು ಅಥವಾ ಅದರ ಪ್ಯಾಕಿಂಗ್ ಹೋಗಿರಬಹುದು. ಲೋಹ ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ. ಸದ್ದು ನಿಂತಿತೆಂದು ಸಮಾಧಾನಪಡುವವರೇ ಹೆಚ್ಚು.

ಗಾಡಿಯ ಜೊತೆ ಬರುವ ಜಾಕಿ ಟೈರ್ ಬದಲಿಸಲು ಮಾತ್ರ. ಬರೀ ಅದರ ಮೇಲೆ ನಂಬಿಕೆಯಿಟ್ಟು ಕೆಳಗೆ ಮಲಗಬೇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಗ್ಯಾರೇಜಿನ ರ‍್ಯಾಂಪಿನ ಮೇಲೆ ಹತ್ತಿಸಿ ನೋಡಿ. ಕೆಂಪುಕಲ್ಲು ಪೇರಿಸಿ ಅದರ ಮೇಲೆ ಗಾಡಿ ನಿಲ್ಲಿಸುವುದು ನಮ್ಮೂರ ಕಡೆ ರೂಢಿಯಲ್ಲಿದೆ. ಕೆಂಪುಕಲ್ಲು ಏನೂ ಸೂಚನೆ ಕೊಡದೆ ಒಡೆಯುತ್ತದೆ.

2. ತುಕ್ಕು ಒಳಗಿನಿಂದ ಬರುತ್ತದೆ

ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚು ಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ನಂಬುವುದು ಕಷ್ಟ, ಆದರೆ ಲೆಕ್ಕ ಸರಿಯಾಗಿದೆ: ಪೆಟ್ರೋಲಿನಲ್ಲಿರುವ ಜಲಜನಕ ಗಾಳಿಯ ಆಮ್ಲಜನಕದ ಜೊತೆ ಸೇರಿ ಆವಿಯಾಗುತ್ತದೆ. ಗಾಡಿ ದೂರ ಓಡಿದರೆ ಪೈಪು ಕಾದು ಆವಿ ಹೊರಗೆ ಹೋಗುತ್ತದೆ. ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಎಂದು ಎರಡೆರಡು ಕಿಲೋಮೀಟರ್ ಓಡಿಸುವವರ ಗಾಡಿಯಲ್ಲಿ ಸೈಲೆನ್ಸರ್ ಕಾಯುವುದೇ ಇಲ್ಲ. ನೀರು ಡಬ್ಬಿಯಲ್ಲೇ ನಿಲ್ಲುತ್ತದೆ, ಹೊಗೆಯ ಆಮ್ಲವೂ ಅದಕ್ಕೆ ಸೇರುತ್ತದೆ. ಬಹಳ ಜೋಪಾನದಿಂದ ಕಡಿಮೆ ಓಡಿಸಿದ ನಿವೃತ್ತ ಮಾಸ್ತರರ ಕಾರಿನ ಸೈಲೆನ್ಸರ್, ದಿನವಿಡೀ ಬಾಡಿಗೆಗೆ ಓಡುವ ಓಮ್ನಿಯದಕ್ಕಿಂತ ಮೊದಲೇ ತೂತಾಗುವುದು ಈ ಕಾರಣಕ್ಕೆ.

ಇದರಿಂದ ರಿಪೇರಿ ಮಾಡುವವನು ಕಲಿಯಬೇಕಾದ್ದು ಒಂದಿದೆ. ಹೊರಗೆ ಕಡಲೆಕಾಳಿನಷ್ಟು ತೂತು ಕಂಡರೆ ಒಳಗೆ ಅಂಗೈಯಗಲ ತಗಡು ತೆಳುವಾಗಿದೆ ಎಂದೇ ತಿಳಿಯಿರಿ. ತೂತಿನ ಸುತ್ತ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತ, ತುದಿಯಿಂದ ಒತ್ತುತ್ತ ಹೋಗಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಸತ್ತ ತಗಡು ಮಂಕಾಗಿ ಸದ್ದು ಮಾಡುತ್ತದೆ, ಕೆಲವೊಮ್ಮೆ ತುದಿ ಒಳಗೇ ಹೋಗುತ್ತದೆ. ಗಟ್ಟಿ ತಗಡು ಸಿಗುವವರೆಗೆ ತೇಪೆಯ ಅಳತೆ ಹಿಗ್ಗಿಸಬೇಕು. ಡಬ್ಬಿಯ ತಳದಲ್ಲಿ ಅಂಚಿಗೆ ಒಂದು ಸಣ್ಣ, ದುಂಡನೆಯ, ನೀಟಾದ ತೂತಿದ್ದರೆ ಮಾತ್ರ ಅದನ್ನು ಮುಚ್ಚಬೇಡಿ. ನೀರು ಇಳಿದುಹೋಗಲು ಕಂಪೆನಿಯವರೇ ಕೊಟ್ಟಿರುವ ದಾರಿ ಅದು.

3. ತೂತಿಗಿಂತ ಮೊದಲು ರಬ್ಬರ್ ಬದಲಿಸಿ

ನನ್ನನ್ನು ಕೇಳಿದರೆ ಈ ಪಟ್ಟಿಯಲ್ಲಿ ಅತಿ ಹೆಚ್ಚು ಹಣ ಉಳಿಸುವ ಪಾಠ ಇದು. ಪೈಪನ್ನು ತೂಗಿ ಹಿಡಿಯುವ ರಬ್ಬರ್ ವರ್ಷಗಳು ಕಳೆದಂತೆ ಒಣಗಿ ಸೀಳುತ್ತದೆ. ಒಂದು ಕಿತ್ತುಹೋದರೆ ಆ ಭಾರ ಪಕ್ಕದ್ದರ ಮೇಲೆ ಬೀಳುತ್ತದೆ. ಪೈಪು ಜೋತುಬಿದ್ದು ರೋಡ್ ಹಂಪಿಗೆ ತಾಗುತ್ತದೆ, ಪೆಟ್ಟು ಫ್ಲಾಂಜಿನ ಬೆಸುಗೆಗೆ ಹೋಗುತ್ತದೆ. ಗಿರಾಕಿ ಬರುವುದು ಬೆಸುಗೆ ಬಿಟ್ಟ ಮೇಲೆ. ಬರೀ ಬೆಸುಗೆ ಹಾಕಿ ಕಳಿಸಿದರೆ ಅದೇ ಜಾಗ ಮತ್ತೆ ಬಿಡುತ್ತದೆ, ವೆಲ್ಡರ್ ಸರಿಯಿಲ್ಲ ಎಂಬ ಮಾತೂ ಹುಟ್ಟುತ್ತದೆ. ಒಂದು ರಬ್ಬರಿನ ಬೆಲೆ ಹೋಟೆಲಿನ ಮಸಾಲೆ ದೋಸೆಯ ಆಸುಪಾಸು. ಒಂದನ್ನಲ್ಲ, ಎಲ್ಲವನ್ನೂ ಒಟ್ಟಿಗೆ ಬದಲಿಸಿ.

ದಾರಿಯಲ್ಲಿ ರಬ್ಬರ್ ಕಿತ್ತರೆ ಕಟ್ಟಡ ಕೆಲಸದ ಕಟ್ಟುತಂತಿಯಿಂದ ಬಿಗಿದು ಊರು ಸೇರಬಹುದು. ಅದನ್ನೇ ಕಾಯಂ ಮಾಡಬೇಡಿ. ತಂತಿಗೆ ಬಳುಕು ಇಲ್ಲ. ಎಂಜಿನ್ನಿನ ನಡುಕವೆಲ್ಲ ನೇರ ಪೈಪಿಗೆ, ಪೈಪಿನಿಂದ ಬಾಡಿಗೆ ಹೋಗುತ್ತದೆ. ಹೊಸ ರಬ್ಬರ್ ಸಿಗುವವರೆಗೆ ಹಳೆ ಟೈರಿನ ಪಟ್ಟಿ ಕತ್ತರಿಸಿ ಬೋಲ್ಟ್ ಹಾಕಿದರೆ ಎಷ್ಟೋ ಮೇಲು. ನೈಲಾನ್ ಹಗ್ಗ, ಪ್ಲಾಸ್ಟಿಕ್ ಟೈ ಇವು ಕರಗುತ್ತವೆ.

ಹಾಗೆಯೇ ಎಂಜಿನ್ ಮೌಂಟಿಂಗ್ ನೋಡಿ. 800, ಝೆನ್‌ಗಳಲ್ಲಿ ಎಂಜಿನ್ ಅಡ್ಡಲಾಗಿ ಕೂತಿರುತ್ತದೆ. ಆಕ್ಸಿಲರೇಟರ್ ತುಳಿದಾಗ, ಬಿಟ್ಟಾಗ ಅದು ಹಿಂದಕ್ಕೂ ಮುಂದಕ್ಕೂ ವಾಲುತ್ತದೆ. ಮೌಂಟಿಂಗ್ ಸತ್ತಿದ್ದರೆ ಆ ವಾಲಾಟವೆಲ್ಲ ಮುಂದಿನ ಪೈಪಿನ ಕುತ್ತಿಗೆಗೆ ಬೀಳುತ್ತದೆ.

4. ಡಬ್ಬಿ, ಕ್ಲಿಪ್ಪು, ಪೇಸ್ಟು: ತೇಪೆಯ ಕ್ರಮ

ನಡುವಿನ ಉದ್ದ ಪೈಪಿನಲ್ಲೋ ಬಾಲದ ಕಡೆಯೋ ತೂತಾಗಿದ್ದರೆ ಮನೆಯಲ್ಲೇ ಮಾಡಬಹುದಾದ ಕೆಲಸ ಇದು. ಬೇಕಾದ್ದು ತಂತಿ ಬ್ರಷ್ಷು, ಉಪ್ಪುಕಾಗದ, ಒಂದು ಕಬ್ಬಿಣದ ತಗಡಿನ ಡಬ್ಬಿ, ಸ್ಟೇನ್‌ಲೆಸ್ ಹೋಸ್ ಕ್ಲಿಪ್ಪುಗಳು, ಎಕ್ಸಾಸ್ಟ್ ಪೇಸ್ಟ್. ನಾನು ರಸಗುಲ್ಲದ ಡಬ್ಬಿ ಎತ್ತಿಡುತ್ತೇನೆ. ತಗಡು ಮಡಚಲು ಬರುವಷ್ಟು ತೆಳು, ಉಳಿಯುವಷ್ಟು ದಪ್ಪ. ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿ ಬೇಡ, ಅದು ಕಾಗದದಷ್ಟೇ ತೆಳು.

ಪೈಪು ಪೂರ್ತಿ ತಣ್ಣಗಾಗಲಿ. ತೂತಿನ ಸುತ್ತ ಎರಡೆರಡು ಇಂಚು ತುಕ್ಕು ಕೆರೆದು ಬಿಳಿ ಲೋಹ ಕಾಣಿಸಬೇಕು. ಹೆಚ್ಚಿನ ತೇಪೆಗಳು ಸೋಲುವುದು ಇಲ್ಲೇ, ಕೆರೆಯುವ ಸೋಮಾರಿತನದಿಂದ. ಪೇಸ್ಟು ತುಕ್ಕಿಗೆ ಅಂಟಿದರೆ ತುಕ್ಕಿನ ಜೊತೆಗೇ ಉದುರುತ್ತದೆ. ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ತೂತಿನ ಸುತ್ತ ಪೇಸ್ಟು ಹಚ್ಚಿ. ತಗಡನ್ನು ಪೈಪಿನ ಸುತ್ತಳತೆಗಿಂತ ಒಂದಿಂಚು ಹೆಚ್ಚು ಕತ್ತರಿಸಿ ಸುತ್ತಿ. ಅಂಚು ಒಂದರ ಮೇಲೊಂದು ಕೂರುವ ಜಾಗ ತೂತಿನ ಎದುರು ಬದಿಗೆ ಬರಲಿ. ಎರಡು ತುದಿಗೂ ಕ್ಲಿಪ್ಪು ಹಾಕಿ ಬಿಗಿಯಿರಿ. ಕ್ಲಿಪ್ಪಿನ ಸ್ಕ್ರೂ ಪಕ್ಕಕ್ಕಿರಲಿ; ಕೆಳಗಿದ್ದರೆ ಹಂಪಿಗೆ ಉಜ್ಜಿ ಬಿಡುತ್ತದೆ. ಕತ್ತರಿಸಿದ ತಗಡಿನ ಅಂಚು ಬ್ಲೇಡಿನಂತಿರುತ್ತದೆ, ಕೈಗೆ ಗ್ಲೌಸ್ ಹಾಕಿಕೊಂಡೇ ಹಿಡಿಯಿರಿ.

ಪೇಸ್ಟನ್ನು ಗಟ್ಟಿ ಮಾಡಿಸುವಾಗ ಅವಸರ ಬೇಡ. ಅದರಲ್ಲಿ ನೀರಿನಂಶ ಇರುತ್ತದೆ. ಹಚ್ಚಿದ ಕೂಡಲೇ ಹೆದ್ದಾರಿಗೆ ಹೋಗಿ ತುಳಿದರೆ ನೀರು ಕುದಿದು ಗುಳ್ಳೆ ಎದ್ದು ಎಲ್ಲ ಹಪ್ಪಳವಾಗುತ್ತದೆ. ಎಂಜಿನ್ನನ್ನು ಹತ್ತು ನಿಮಿಷ ಐಡಲಿನಲ್ಲಿ, ಬಯಲಿನಲ್ಲಿ ಓಡಿಸಿ, ಆರಿಸಿ, ಒಂದು ರಾತ್ರಿ ಬಿಟ್ಟುಬಿಡಿ. ಟ್ಯೂಬಿನ ಮೇಲೆ ಬೇರೆ ಕ್ರಮ ಬರೆದಿದ್ದರೆ ಅದನ್ನೇ ಅನುಸರಿಸಿ. ಗಾಜಿನ ನಾರಿನ ಎಕ್ಸಾಸ್ಟ್ ಬ್ಯಾಂಡೇಜು ಸಿಕ್ಕಿದರೆ ಪೇಸ್ಟಿನ ಮೇಲೆ ಅದನ್ನೂ ಸುತ್ತಿ ಆಮೇಲೆ ತಗಡು ಹಾಕಬಹುದು.

ಪೈಪು ತೂತಲ್ಲ, ತುಂಡೇ ಆಗಿದ್ದರೆ ಡಬ್ಬಿ ತಗಡು ಸಾಲದು. ಆಗ ಸ್ಲೀವ್ ಹಾಕಬೇಕು: ಮುರಿದ ಪೈಪಿನ ಮೇಲೆ ಬಿಗಿಯಾಗಿ ಕೂರುವ ಸ್ವಲ್ಪ ದೊಡ್ಡ ಪೈಪಿನ ತುಂಡು, ಎರಡು ಕಡೆಗೂ ಎರಡಿಂಚಾದರೂ ಒಳಗೆ ಹೋಗುವಂತೆ. ಅದರ ತುದಿಗಳಲ್ಲಿ ಗರಗಸದಿಂದ ಉದ್ದಕ್ಕೆ ಸೀಳು ಕೊಟ್ಟು ಯು ಕ್ಲಾಂಪ್ ಬಿಗಿದರೆ ಸ್ಲೀವ್ ಹಿಂಡಿಕೊಂಡು ಹಿಡಿಯುತ್ತದೆ. ಬೇರೆ ಗಾಡಿಯ ಬಿಸಾಡಿದ ಸೈಲೆನ್ಸರಿನ ಗಟ್ಟಿ ಭಾಗದಿಂದಲೇ ಇಂಥ ತುಂಡು ಸಿಗುತ್ತದೆ. ಗುಜರಿ ಅಂಗಡಿಗೆ ಹೋಗುವಾಗ ಅಂದಾಜು ಸಾಲದು, ಮುರಿದ ತುಂಡನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ, ಶಿವಾಜಿನಗರ ಇವೆ. ಸಣ್ಣ ಊರಿನಲ್ಲಿ ಲಾರಿ ಗ್ಯಾರೇಜಿನ ಹಿತ್ತಲಿಗಿಂತ ಒಳ್ಳೆಯ ಜಾಗವಿಲ್ಲ.

5. ಕೊಳಾಯಿ ಸಾಮಾನು ಕೊಳಾಯಿಗೇ ಇರಲಿ

ಎಂ-ಸೀಲ್ ಮನೆಯಲ್ಲಿ ಇದ್ದೇ ಇರುತ್ತದೆ, ಕೈ ಅದರತ್ತಲೇ ಹೋಗುತ್ತದೆ. ಅದು ನೀರಿನ ಪೈಪಿಗೆ ಸರಿ. ಸೈಲೆನ್ಸರಿನ ಬಿಸಿಗೆ ಕಂದಾಗಿ, ಕಮಟು ವಾಸನೆ ಬಿಟ್ಟು, ಉದುರುತ್ತದೆ. ಅಸ್ಬೆಸ್ಟಾಸ್ ಹಗ್ಗ ಸುತ್ತುವ ಕ್ರಮ ಹಿಂದೆ ಎಲ್ಲ ಗ್ಯಾರೇಜುಗಳಲ್ಲೂ ಇತ್ತು. ಅದರ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂಬುದು ಸಂದೇಹವಿಲ್ಲದ ಸಂಗತಿ. ಹಳೆ ಗಾಡಿಯ ಪೈಪಿಗೆ ಬೂದು ಬಣ್ಣದ ನಾರು ಸುತ್ತಿದ್ದು ಕಂಡರೆ ಒಣಗಿದ್ದನ್ನು ಕೆರೆಯಬೇಡಿ, ನೀರು ಹಾಕಿ ಪೂರ್ತಿ ನೆನೆಸಿ ತೆಗೆಯಿಸಿ.

ಜಿಐ ಪೈಪು ಇನ್ನೊಂದು ಆಕರ್ಷಣೆ. ಸುಲಭಕ್ಕೆ ಸಿಗುತ್ತದೆ, ಬೇಗ ತುಕ್ಕು ಹಿಡಿಯುವುದಿಲ್ಲ. ಆದರೆ ಅದರ ಮೇಲಿನ ಸತುವಿನ ಲೇಪ ವೆಲ್ಡಿಂಗ್ ಮಾಡುವಾಗ ಉರಿದು ಬಿಳಿ ಹೊಗೆಯಾಗುತ್ತದೆ. ಆ ಹೊಗೆ ಕುಡಿದವನಿಗೆ ಅದೇ ರಾತ್ರಿ ಚಳಿಜ್ವರ, ಮೈಕೈ ನೋವು. ಮಳೆಗಾಲದಲ್ಲಾದರೆ ಮಲೇರಿಯಾ ಇರಬೇಕೆಂದು ರಕ್ತ ಪರೀಕ್ಷೆಗೆ ಓಡುವವರೂ ಇದ್ದಾರೆ.

6. ವೆಲ್ಡರನ ಬಳಿ ಹೋಗುವಾಗ

ಸೈಲೆನ್ಸರ್ ತಗಡು ತೆಳು. ಗೇಟು, ಕಿಟಕಿ ಸರಳು ಬೆಸೆಯುವ ವೆಲ್ಡರ್ ದಪ್ಪ ರಾಡು ಹಚ್ಚಿದರೆ ಒಂದು ತೂತು ಮುಚ್ಚಲು ಹೋಗಿ ಮೂರು ಮಾಡುತ್ತಾನೆ. ಗ್ಯಾಸ್ ವೆಲ್ಡಿಂಗಿನಲ್ಲಿ ಹಿತ್ತಾಳೆ ರಾಡು ಹಾಕುವ ಹಳಬರು ಯಾರಾದರೂ ಇದ್ದರೆ ಹುಡುಕಿ ಹೋಗಿ. ಹಿತ್ತಾಳೆ ಕಬ್ಬಿಣಕ್ಕಿಂತ ಕಡಿಮೆ ಬಿಸಿಗೆ ಕರಗುವುದರಿಂದ ತಗಡು ಉರಿದುಹೋಗದೆ ಸಂದು ತುಂಬುತ್ತದೆ. ಎಂಜಿನ್ನಿನಿಂದ ದೂರದ ಜಾಗಕ್ಕೆ ಈ ಬೆಸುಗೆ ಚೆನ್ನಾಗಿ ನಿಲ್ಲುತ್ತದೆ.

ಸಾಧ್ಯವಿದ್ದಷ್ಟೂ ಪೈಪು ಬಿಚ್ಚಿ ಕೆಳಗಿಳಿಸಿಯೇ ಬೆಸೆಯಿಸಿ. ಸೈಲೆನ್ಸರ್ ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕು, ಪೆಟ್ರೋಲ್ ಪೈಪು, ಬ್ರೇಕಿನ ಪೈಪು ಇರುತ್ತವೆ. ಗಾಡಿಯ ಕೆಳಗೇ ಕಿಡಿ ಹಾರಿಸುವ ವೆಲ್ಡರ್ ಎಷ್ಟೇ ಕಡಿಮೆ ಕೇಳಿದರೂ ಆ ಕಡಿಮೆ ಬೇಡ. ಅನಿವಾರ್ಯವಾಗಿ ಗಾಡಿಯಲ್ಲೇ ಆರ್ಕ್ ವೆಲ್ಡಿಂಗ್ ಮಾಡಿಸಬೇಕಾದರೆ ಬ್ಯಾಟರಿಯ ನೆಗೆಟಿವ್ ಕಳಚಿ; ಎಂಪಿಎಫ್‌ಐ ಗಾಡಿಯ ಕಂಪ್ಯೂಟರ್ ಸುಟ್ಟರೆ ಅದರ ಮುಂದೆ ಸೈಲೆನ್ಸರಿನ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಅರ್ತ್ ಕ್ಲಾಂಪನ್ನು ಬೆಸೆಯುವ ಪೈಪಿಗೇ, ಹತ್ತಿರದಲ್ಲೇ ಹಿಡಿಸಿ.

7. ನಟ್ಟಿನ ಜೊತೆ ಜಗಳ ಬೇಡ

ಫ್ಲಾಂಜಿನ ನಟ್ಟುಗಳು ವರ್ಷಗಟ್ಟಲೆ ಕಾದು ಆರಿ ಸ್ಟಡ್ಡಿಗೆ ಒಂದಾಗಿರುತ್ತವೆ. ಬಲ ಹಾಕಿದರೆ ನಟ್ಟಿನ ಬದಲು ಸ್ಟಡ್ಡೇ ತುಂಡಾಗುತ್ತದೆ. ಪ್ಯಾಕಿಂಗ್ ಬದಲಿಸುವ ಸಣ್ಣ ಕೆಲಸ ಆಗ ಡ್ರಿಲ್ಲಿಂಗು, ಟ್ಯಾಪಿಂಗು ಎಂದು ಲೇತ್ ಅಂಗಡಿಯವರೆಗೆ ಹೋಗುತ್ತದೆ. ಹಿಂದಿನ ಸಂಜೆಯೇ, ಪೈಪು ಪೂರ್ತಿ ತಣ್ಣಗಾದ ಮೇಲೆ, ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಬಿಡಿ. ಬೆಳಿಗ್ಗೆ ಬಿಚ್ಚುವ ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ ತಿರುಗಿಸಿ, ಆಮೇಲೆ ಸಡಿಲಿಸಿ, ಮತ್ತೆ ಎಣ್ಣೆ ಬಿಡಿ. ವಾಪಸು ಹಾಕುವಾಗ ಹಿತ್ತಾಳೆ ನಟ್ಟು ಹಾಕಿದರೆ ಮುಂದಿನ ಸಲ ಬಿಚ್ಚುವವನು ನಿಮ್ಮನ್ನು ನೆನೆಯುತ್ತಾನೆ. ಹಳೆ ಪ್ಯಾಕಿಂಗನ್ನು ಎರಡನೇ ಸಲ ಹಾಕಬೇಡಿ.

8. ಎಂಜಿನ್ನಿನ ಹತ್ತಿರ ತೇಪೆ ಇಲ್ಲ

ಮ್ಯಾನಿಫೋಲ್ಡಿನ ಬಾಯಲ್ಲಿ ಹೊಗೆಯ ಬಿಸಿ ಏರು ಹತ್ತುವಾಗ 700 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಅಲ್ಲಿ ಪೇಸ್ಟೂ ಇಲ್ಲ, ಡಬ್ಬಿಯೂ ಇಲ್ಲ. ಬೀಡಿನ ಮ್ಯಾನಿಫೋಲ್ಡ್ ಬಿರುಕು ಬಿಟ್ಟಿದ್ದರೆ ಸಾಮಾನ್ಯ ರಾಡಿನಿಂದ ಬೆಸೆದ ಬೆಸುಗೆ ಪಕ್ಕದಲ್ಲೇ ಇನ್ನೊಂದು ಬಿರುಕು ಹುಟ್ಟಿಸುತ್ತದೆ. ಅದನ್ನು ಮೊದಲು ನಿಧಾನ ಕಾಯಿಸಿ, ನಿಕೆಲ್ ರಾಡಿನಿಂದ ಬೆಸೆದು, ನಿಧಾನ ಆರಿಸಬೇಕು. ಅಷ್ಟು ತಾಳ್ಮೆಯ ವೆಲ್ಡರನನ್ನು ಹುಡುಕುವುದಕ್ಕಿಂತ ಗುಜರಿಯಲ್ಲಿ ಅದೇ ಮಾದರಿಯ ಸರಿಯಿರುವ ಮ್ಯಾನಿಫೋಲ್ಡ್ ಕೊಳ್ಳುವುದು ಅಗ್ಗ. ಬೀಡು ತುಕ್ಕಿಗೆ ಸುಲಭಕ್ಕೆ ಸಾಯುವುದಿಲ್ಲ, ಹಾಗಾಗಿ ಹಳೆಯದನ್ನು ಧೈರ್ಯವಾಗಿ ಕೊಳ್ಳಬಹುದಾದ ಭಾಗ ಇದೊಂದೇ. ಗುಜರಿಯ ಹಳೆ ಸೈಲೆನ್ಸರ್ ಡಬ್ಬಿ ಮಾತ್ರ ಕೊಳ್ಳಬೇಡಿ. ಹೊರಗೆ ಬಣ್ಣ ಬಳಿದಿರುತ್ತಾರೆ. ಒಳಗಿನ ಕತೆ ಎರಡನೇ ಪಾಠದಲ್ಲೇ ಹೇಳಿದ್ದೇನೆ.

ಆಕ್ಸಿಜನ್ ಸೆನ್ಸರ್ ಇರುವ ಗಾಡಿಯಲ್ಲಿ ಇನ್ನೊಂದು ತೊಂದರೆಯಿದೆ. ಸೆನ್ಸರಿಗಿಂತ ಮುಂದೆ ಸೋರಿಕೆ ಇದ್ದರೆ ಹೊಗೆ ಹೊರಹೋಗುವುದರ ಜೊತೆಗೆ, ಎರಡು ಹೊಡೆತಗಳ ನಡುವೆ ಹೊರಗಿನ ಗಾಳಿ ಒಳಗೂ ಸೇರುತ್ತದೆ. ಆಮ್ಲಜನಕ ಹೆಚ್ಚಿದೆ, ಪೆಟ್ರೋಲು ಸಾಲುತ್ತಿಲ್ಲ ಎಂದು ಕಂಪ್ಯೂಟರ್ ಭಾವಿಸಿ ಇನ್ನಷ್ಟು ಪೆಟ್ರೋಲು ಸುರಿಯುತ್ತದೆ. ಮೈಲೇಜ್ ಬಿತ್ತೆಂದು ಪ್ಲಗ್ಗು, ಫಿಲ್ಟರು, ಇಂಜೆಕ್ಟರು ಎಂದು ಖರ್ಚು ಮಾಡಿಸಿಕೊಂಡು ಬಂದವರ ಗಾಡಿಯಲ್ಲಿ ಕೊನೆಗೆ ಸಿಗುವುದು ಸಣ್ಣದೊಂದು ಪ್ಯಾಕಿಂಗಿನ ದೋಷ.

9. ಕ್ಯಾಟನ್ನು ಕಿತ್ತು ಮಾರಬೇಡಿ

1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳಲ್ಲಿ ಮಾರುವ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. ಬೆಂಗಳೂರು ಆ ಪಟ್ಟಿಯಲ್ಲಿರಲಿಲ್ಲ, ಆದ್ದರಿಂದ ನಮ್ಮ ಕಡೆಯ ಬಹಳ ಹಳೆಯ ಕಾರ್ಬುರೇಟರ್ ಗಾಡಿಗಳಲ್ಲಿ ಅದು ಇಲ್ಲದಿರುವುದೇ ಹೆಚ್ಚು. ಇರುವ ಗಾಡಿಯಲ್ಲಿ ಅದನ್ನು ಕತ್ತರಿಸಿ ಖಾಲಿ ಪೈಪು ಬೆಸೆದು ಕೊಡುವವರು ಇದ್ದಾರೆ. ಅದರೊಳಗಿನ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂಗೆ ಗುಜರಿಯಲ್ಲಿ ಬೆಲೆ ಇದೆ. ಗಿರಾಕಿಗೆ "ಉಚಿತ ರಿಪೇರಿ", ಮಾಡಿದವನಿಗೆ ಲಾಭ. ಹೊಗೆ ತಪಾಸಣೆಯಲ್ಲಿ ಗಾಡಿ ಸಿಕ್ಕಿಬೀಳುವಾಗ ಆತ ಪಕ್ಕದಲ್ಲಿ ಇರುವುದಿಲ್ಲ. ಸೌಂಡು ಬರಲೆಂದು ಸೈಲೆನ್ಸರಿನ ಒಳಹೊಟ್ಟೆ ಕೊಯ್ದು ತೆಗೆಸುವ ಹುಡುಗರಿಗೂ ನನ್ನಲ್ಲಿ ಕೆಲಸ ಮಾಡಿಕೊಡುವುದಿಲ್ಲ.

10. ಮೂರನೇ ತೇಪೆ ಬೇಡ

ಒಂದೇ ಡಬ್ಬಿಗೆ ಎರಡು ತೇಪೆ ಬಿದ್ದ ಮೇಲೆ ಮೂರನೆಯದು ಬಂದರೆ ಇಡೀ ತಗಡು ಸತ್ತಿದೆ. ಹಳೆ ಮಾದರಿಗಳಿಗೆ ಸ್ಥಳೀಯ ತಯಾರಿಕೆಯ ಸೈಲೆನ್ಸರ್ ಈಗಲೂ ಸಿಗುತ್ತದೆ. ಅದರಲ್ಲೂ ತಗಡಿನ ದಪ್ಪ ನೋಡಿ ಕೊಳ್ಳಿ: ಎರಡನ್ನು ಕೈಯಲ್ಲೆತ್ತಿ ತೂಗಿ, ಭಾರದ್ದನ್ನು ತನ್ನಿ. ಹಾಕಿದ ಮೇಲೆ ವಾರಕ್ಕೊಮ್ಮೆಯಾದರೂ ಗಾಡಿಯನ್ನು ಅರ್ಧ ಗಂಟೆ ಬಿಡದೆ ಓಡಿಸಿ ಒಳಗಿನ ನೀರು ಒಣಗಿಸಿ.

11. ತಲೆನೋವು ಬಂದರೆ ಮಾತ್ರೆ ಹುಡುಕಬೇಡಿ

ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟುತ್ತದೆ. ಸೈಲೆನ್ಸರ್ ಸೋರಿದರೆ ಶಬ್ದ ಮಾತ್ರ ಎಂದುಕೊಂಡವರಿಗೆ ನಾನು ಮೊದಲು ತೋರಿಸುವುದು ಗಾಡಿಯ ನೆಲ. ಹಳೆ 800ರಲ್ಲಿ ಮ್ಯಾಟ್ ಎತ್ತಿದರೆ ತುಕ್ಕಿನ ತೂತುಗಳು, ಕಳೆದುಹೋದ ರಬ್ಬರ್ ಬಿರಡೆಗಳು. ಕೆಳಗೆ ಸೋರಿದ ಹೊಗೆಗೆ ಅದೇ ಬಾಗಿಲು. ಸೈಲೆನ್ಸರ್ ಮಾಡಿಸಿದ ದಿನವೇ ನೆಲದ ತೂತುಗಳನ್ನೂ ಮುಚ್ಚಿಸಿ. ಓಮ್ನಿಯಲ್ಲಿ ಎಂಜಿನ್ ಇರುವುದೇ ಮುಂದಿನ ಸೀಟಿನ ಕೆಳಗೆ, ಆದ್ದರಿಂದ ಅದರ ಮ್ಯಾನಿಫೋಲ್ಡಿನ ಸೋರಿಕೆಯನ್ನು ಒಂದು ದಿನವೂ ಮುಂದಕ್ಕೆ ಹಾಕಬಾರದು. ಉದ್ದದ ಪಿವಿಸಿ ಪೈಪು ಸಾಗಿಸಲು ಹಿಂದಿನ ಬಾಗಿಲು ತೆರೆದಿಟ್ಟು ಓಡಿಸುವುದೂ ಅಪಾಯ. ಗಾಡಿಯ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಿರುವುದರಿಂದ ಬಾಲದ ಹೊಗೆ ಸುತ್ತಿ ಒಳಗೇ ಬರುತ್ತದೆ.

ಸೋರುವ ಗಾಡಿಯಲ್ಲಿ ಎಂಜಿನ್ ಓಡುತ್ತಿರಲು ಬಿಟ್ಟು, ಎಸಿ ಹಾಕಿಕೊಂಡು ಮಲಗಬೇಡಿ. ಶೆಡ್ಡಿನ ಬಾಗಿಲು ಮುಚ್ಚಿ ಸ್ಟಾರ್ಟ್ ಮಾಡಬೇಡಿ. ಪ್ರಯಾಣದಲ್ಲಿ ಒಬ್ಬರಿಗಲ್ಲ, ಕೂತವರಿಗೆಲ್ಲ ತಲೆನೋವು, ವಾಕರಿಕೆ, ಮಂಪರು ಬಂದು, ಇಳಿದು ಸ್ವಲ್ಪ ಹೊತ್ತಿಗೆ ಹಗುರಾದರೆ ಅದು ಘಾಟಿಯ ತಿರುವಿನದೋ ಪಿತ್ತದ್ದೋ ಎಂದು ತಳ್ಳಿಹಾಕಬೇಡಿ. ಕೂಡಲೇ ಎಲ್ಲರನ್ನೂ ಹೊರಗಿಳಿಸಿ, ಹಗುರಾಗದಿದ್ದರೆ ಆಸ್ಪತ್ರೆಗೆ ಬೇರೆ ಗಾಡಿಯಲ್ಲಿ ಹೋಗಿ. ಸೋರಿಕೆ ಎಲ್ಲಿದೆಯೆಂದು ಪತ್ತೆಯಾಗಿ ಸರಿಯಾಗುವವರೆಗೆ ಆ ಕಾರಿನಲ್ಲಿ ಮನೆಯವರನ್ನು ಕೂರಿಸಬೇಡಿ.